ಮೂರೂ ಬರಬಹುದು

ಸ್ಯಾನ್ ಡಿಯೆಗೋದಲ್ಲಿ ಮಳೆ ಬಿದ್ದರೆ ನೀಲಗಿರಿ ಎಲೆಗಳ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ಈ ಬೆಳಿಗ್ಗೆಯೂ ಬಂತು. ಕಾಫಿ ಆರುವುದನ್ನು ಮರೆತು ಕಿಟಕಿಯ ಬಳಿ ನಿಂತವಳಿಗೆ ಸುಮಾ ನೆನಪಾದಳು.

ಸುಮಾ ರಾಯಚೂರಿನವಳು. ಬಿಸಿಲನ್ನೇ ಉಂಡು ಬೆಳೆದ ಹುಡುಗಿ ಲಾಸ್ ಏಂಜಲೀಸ್‌ಗೆ ಬಂದು ಓದುತ್ತಿದ್ದದ್ದು ಹವಾಮಾನಶಾಸ್ತ್ರ. ಆಗಿನ್ನೂ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಿರಲಿಲ್ಲ. ಕನ್ನಡ ಸಂಘದಲ್ಲಿ ಪರಿಚಯವಾದವಳು, ರಜೆ ಸಿಕ್ಕಾಗಲೆಲ್ಲ ಇಲ್ಲಿ ರಾಂಚೊ ಬರ್ನಾರ್ಡೊ ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದಳು. "ಈ ಊರಿಗೆ ಹವಾಮಾನ ಹೇಳೋಕೆ ಪಿಎಚ್‌ಡಿ ಬೇಕೇನೇ? 'ಬಿಸಿಲು' ಅಂತ ಬೋರ್ಡ್ ಬರೆಸಿಟ್ರೆ ವರ್ಷವಿಡೀ ನಡೆಯುತ್ತೆ" ಎಂದು ರೇಗಿಸುತ್ತಿದ್ದೆ. ನನ್ನ ಹಾಸ್ಯಕ್ಕೆ ನಾನೇ ನಗುವುದು ನನ್ನ ಹಳೆಯ ಚಾಳಿ. ಅವಳು ಸುಮ್ಮನೆ ಇನ್ನೊಂದು ದೋಸೆ ಹಾಕಿಸಿಕೊಳ್ಳುತ್ತಿದ್ದಳು.

ಅಂಥ ಒಂದು ಚಳಿಗಾಲದ ರಜೆಯಲ್ಲಿ ಅದೇ ಸಂಘದ ನಮ್ಮ ಗಂಗಾ ಆಂಟಿ ವಿಜಯಪುರಕ್ಕೆ ಹೊರಟಿದ್ದರು, ಶಾಶ್ವತವಾಗಿ. ಅಂಕಲ್ ತೀರಿಕೊಂಡು ವರ್ಷವಾಗಿತ್ತು. ಪಕ್ಕದ ಪೆನಾಸ್ಕಿಟೋಸ್ ಬಡಾವಣೆಯಲ್ಲಿದ್ದ ಅವರ ಮನೆ ಮಾರಾಟವಾಗಿತ್ತು. ನಮ್ಮ ಮನೆಯಲ್ಲಿ ಬೀಳ್ಕೊಡುಗೆಯ ಊಟಕ್ಕೆ ಕೂತಾಗ, "ಇಷ್ಟು ವರ್ಷ ಇದ್ರೂ ಹಿಮ ಬೀಳೂದು ನೋಡ್ಲಿಲ್ಲ ನೋಡವಾ. ಬೆಟ್ಟ ಇಲ್ಲೇ ಐತಿ. 'ಬರೋ ವರ್ಷ ಹೋಗೂಣು' ಅಂತಿದ್ರು ಅವರು" ಎಂದರು.

ಸುಮಾ ಕೈತೊಳೆದು ಲ್ಯಾಪ್‌ಟಾಪ್ ತೆರೆದಳು. ಬಹಳ ಹೊತ್ತು ನೋಡಿ, "ನಾಳಿ ಬೆಟ್ಟದ ಮ್ಯಾಲ ಸ್ಟಾರ್ಮ್ ಅದ. ಮಳಿ, ಸ್ಲೀಟು, ಹಿಮ, ಮೂರೂ ಬರಬಹುದು" ಎಂದಳು.

"ಇದು ಫೋರ್‌ಕಾಸ್ಟಾ, ಹೋಟೆಲ್ ಮೆನುವಾ?" ಎಂದೆ.

"ಮ್ಯಾಲಿಂದ ಹಿಮ ಆಗೇ ಹೊರಡ್ತದ ಅಕ್ಕಾ. ನಡುವ ಬೆಚ್ಚನ್ ಗಾಳಿ ಸಿಕ್ರ ಕರಗ್ತದ. ಕೆಳಗ ಮತ್ತ ಥಂಡಿ ಸಿಕ್ರ ಕಾಳಿನಂಗ ಗಟ್ಟಿ ಆಗ್ತದ, ಅದೇ ಸ್ಲೀಟು. ಮಧ್ಯಾಹ್ನದ ಮ್ಯಾಲ ಪೂರಾ ಥಂಡಿ ಆಗಬೇಕು, ಆಗ ಹಿಮಾನೇ ಬೀಳ್ತದ." ಆಂಟಿಯ ಕಡೆ ತಿರುಗಿ, "ಹೋಗೂಣು. ಆದ್ರ ನಾ ಹೊರಡ್ರಿ ಅಂದ ಕೂಡ್ಲೆ ಹೊರಡಬೇಕು" ಎಂದಳು.

ಮರುದಿನ ಮೂವರೂ ನನ್ನ ಕಾರಿನಲ್ಲಿ ಬೆಟ್ಟ ಹತ್ತಿದೆವು. ಬರೀ ಮಳೆ. ಪೈನ್ ಮರಗಳ ನಡುವೆ ಕಾರು ನಿಲ್ಲಿಸಿ ಆಂಟಿ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿದರೂ ಮಳೆಯೇ. ಸುಮಾ ಉಗುರು ಕಚ್ಚುತ್ತಿದ್ದಳು. "ವಾಪಸ್ ಹೋಗೋಣ್ವಾ?" ಎಂದೆ.

"ತಡೀರಿ" ಎಂದರು ಆಂಟಿ. "ನನಗ ತಡದು ರೂಢಿ ಐತಿ."

ಸ್ವಲ್ಪ ಹೊತ್ತಿಗೆ ಕಾರಿನ ಮೇಲೆ ಯಾರೋ ಸಾಬಕ್ಕಿ ಎರಚಿದಂತೆ ಚಟಚಟ ಸದ್ದು. ಆಮೇಲೆ ಆ ಸದ್ದೂ ನಿಂತಿತು. ಮಳೆಯೇ ನಿಂತಿತೆಂದುಕೊಂಡು ತಲೆಯೆತ್ತಿದರೆ, ಹಿಮ ಇಳಿಯುತ್ತಿತ್ತು.

ಆಂಟಿ ಸೆರಗು ಹೊದ್ದು ಕೆಳಗಿಳಿದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟಂತೆ ಚೂರು ಸರಿದು ನಿಂತರು.

"ಆಂಟಿ, ಹೊರಡೂಣ್ರಿ" ಎಂದಳು ಸುಮಾ.

"ಈಗರೇ ಶುರುವಾಗೇದಲ್ಲವಾ."

"ರಸ್ತಾದ ಮ್ಯಾಲ ಐಸ್ ಗಡ್ಡಿ ಕಟ್ತದ, ಗಾಡಿ ಜಾರ್ತದ. ಬರ್ರಿ." ಕೈಹಿಡಿದು ಕೂರಿಸಿಯೇಬಿಟ್ಟಳು. ನಾವು ಬೆಟ್ಟ ಇಳಿದ ಮೇಲೆ ಕಾರುಗಳು ಜಾರಿ ಆ ರಸ್ತೆ ಮುಚ್ಚಿದ ಸುದ್ದಿ ರೇಡಿಯೋದಲ್ಲಿ ಬಂತು. ಆಂಟಿ ಸುಮಾಳ ಕೈಯನ್ನು ಮನೆಯವರೆಗೂ ಬಿಡಲಿಲ್ಲ.

ಸುಮಾ ಈಗ ಬೇರೆ ರಾಜ್ಯದ ಹವಾಮಾನ ಕಚೇರಿಯಲ್ಲಿದ್ದಾಳೆ. ತಡೆಯಲಾರದೆ ಇವತ್ತು ಫೋನ್ ಮಾಡಿ, ಆ ದಿನ ಹೆದರಿಕೆಯಾಗಿತ್ತಾ ಎಂದು ಕೇಳಿದೆ.

"ಹಿಮ ಬೀಳಲಿಲ್ಲಂದ್ರ ಆಂಟಿ ಮುಖ ಹೆಂಗ ನೋಡ್ಲಿ ಅಂತ ಅಂಜಿಕಿ ಆಗಿತ್ತಕ್ಕಾ. ಈಗ್ಲೂ ಫೋರ್‌ಕಾಸ್ಟ್ ಬರಿಯುವಾಗ, ಎಲ್ಲೋ ಯಾರೋ ಕಾರಿನ್ಯಾಗ ಕಾಯ್ಕೋತ ಕುಂತಾರ ಅನಸ್ತದ."

ಭಾನುವಾರದ ಹವಾಮಾನ ಕೇಳಿ ತಮಾಷೆ ಮಾಡಬೇಕೆಂದುಕೊಂಡಿದ್ದೆ. ಮಾಡಲಿಲ್ಲ.