ಗೌರಿ ಹಬ್ಬಕ್ಕೆ ಹಾಕುತ್ತಿದ್ದ ಪ್ಲೇಟು

ಮಗಳ ಹಲ್ಲಿನ ಕ್ಲಿಪ್ಪು ಬಿಚ್ಚಿಸಿಕೊಂಡು ಮೈಸೂರಿನಿಂದ ಬಂದ ದಿನ, ಡಾಕ್ಟರು ಕೊಟ್ಟಿದ್ದ ಡಬ್ಬಿಯನ್ನು ತೊಳೆಯಲೆಂದು ತೆರೆದೆ. ಒಳಗೆ ಹಲ್ಲು ಸರಿಯದಂತೆ ಅಂಗಳಕ್ಕೆ ಹಾಕಿಕೊಳ್ಳುವ ಗುಲಾಬಿ ಬಣ್ಣದ ಪ್ಲೇಟು, ಮುಂದುಗಡೆ ಒಂದು ತಂತಿ. ಅದರ ವಾಸನೆ ಮೂಗಿಗೆ ಬಂದದ್ದೇ ಹುಣಸೂರಿನ ನನ್ನ ತವರಿನ ಎದುರುಮನೆ ಅಕ್ಕ ನೆನಪಾದಳು.

ಅಕ್ಕನದು ಉಬ್ಬುಹಲ್ಲು. ನಕ್ಕರೆ ಬಾಯಿ ತುಂಬ ನಗು. ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಹೋದರೆ ಮತ್ತೆ ಹೇಳಿಕಳಿಸುತ್ತಿರಲಿಲ್ಲ. ಕೊನೆಗೆ ಅವಳಮ್ಮ ಮೈಸೂರಿಗೆ ಕರೆದೊಯ್ದು ಕ್ಲಿಪ್ಪು ಹಾಕಿಸಿದರು. ಜಾಗ ಮಾಡಲು ಒಳ್ಳೆಯ ಹಲ್ಲನ್ನೇ ಕೀಳಿಸಿದ್ದಾಯಿತು. ತಂತಿ ಬಿಗಿ ಮಾಡಿಸಿಕೊಂಡು ಬಂದ ದಿನ ಅಕ್ಕ ಅನ್ನಕ್ಕೆ ಹಾಲು ಹಾಕಿ ಕಿವುಚಿಕೊಂಡು ನುಂಗುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಕಂಡರೆ ವೇಲು ಬಾಯಿಗೆ ಹೋಗುತ್ತಿತ್ತು. "ಬಾಯ್ಗೆ ಬೇಲಿ ಹಾಕವ್ರೆ ಕಣೇ, ಇನ್ನ ಯಾವ ದನಾನೂ ನುಗ್ಗಲ್ಲ" ಎಂದು ನನ್ನೊಬ್ಬಳ ಹತ್ತಿರ ನಗುತ್ತಿದ್ದಳು.

ಹಲ್ಲು ಸಾಲಾಗಿ ಕೂತವು. ಹಾರನಹಳ್ಳಿಯ ಗಂಡಿನ ಕಡೆಯವರು ಒಪ್ಪಿದರು. ಮದುವೆಯ ಫೋಟೋದಲ್ಲಿ ಅಕ್ಕ ಬಾಯಿ ತೆರೆದು ನಕ್ಕಿದ್ದಳು.

ಕ್ಲಿಪ್ಪು ಬಿಚ್ಚಿದ ಮೇಲೂ ರಾತ್ರಿ ಹೊತ್ತು ಇಂಥದೇ ಪ್ಲೇಟು ಹಾಕಿಕೊಂಡೇ ಮಲಗಬೇಕು, ಇಲ್ಲದಿದ್ದರೆ ಹಲ್ಲು ಮತ್ತೆ ಸರಿಯುತ್ತವೆ ಎಂದು ಡಾಕ್ಟರು ಹೇಳಿದ್ದರು. ಅವಳಮ್ಮ ಅದನ್ನು ಗಂಡನ ಮನೆಗೆ ಕಳಿಸಲಿಲ್ಲ. "ಅವ್ರು ಕಂಡ್ರೆ ಏನಂದಾರು? ತಂತಿ ಹಾಕ್ಸಿ ದಾಟ್ಸವ್ರೆ ಅನ್ನಲ್ವಾ? ಇಲ್ಲೇ ಇರ್ಲಿ ಬುಡು, ಹಬ್ಬಕ್ಕೆ ಬಂದಾಗ ಹಾಕ್ಕೊಳುವಂತೆ."

ಹಾಗೆ ಅದು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ, ಒಂದು ಸ್ಟೀಲ್ ಡಬ್ಬಿಯಲ್ಲಿ ಉಳಿಯಿತು. ಗೌರಿ ಹಬ್ಬಕ್ಕೆ ನಾನೂ ಅಕ್ಕನೂ ತವರಿಗೆ ಬರುತ್ತಿದ್ದೆವು. ಬಾಗಿನ ಕೊಟ್ಟು ಮುಗಿಸಿದ ಮೇಲೆ ಅವಳು ಪ್ಲೇಟು ತೊಳೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೊದಲ ಹಬ್ಬದಲ್ಲಿ ಸರಿಯಾಗಿಯೇ ಕೂತಿತು. ಆಮೇಲಾಮೇಲೆ ಹೆಬ್ಬೆರಳಿನಲ್ಲಿ ಒತ್ತಬೇಕಾಯಿತು. ಒಂದು ಹಬ್ಬಕ್ಕೆ ಒಸಡಿನಲ್ಲಿ ರಕ್ತ ಬಂತು, ಪ್ಲೇಟು ಕೂರಲೇ ಇಲ್ಲ.

"ನನ್ ಹಲ್ಲೇ ನನ್ ಮಾತ್ ಕೇಳ್ತಿಲ್ಲ ಕಣೇ" ಎಂದಳು, ಬಾಯಿಗೆ ಸೆರಗು ಹಿಡಿದುಕೊಂಡು.

ಕಿತ್ತ ಹಲ್ಲಿನ ಜಾಗ ಬಿಟ್ಟುಕೊಂಡಿತು, ಮುಂದಿನವು ಒಂದರ ಮೇಲೊಂದು ಏರಿದವು. ಮೊದಲಿನ ಉಬ್ಬುಹಲ್ಲಿನ ನಗುವೂ ಅಲ್ಲ, ಫೋಟೋದ ನಗುವೂ ಅಲ್ಲ... ಅಕ್ಕ ತುಟಿ ಬಿಚ್ಚುವುದನ್ನೇ ಬಿಟ್ಟಳು.

ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ತಿಥಿಗೆ ಹೋದೆ. ಮದುವೆಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಭಾವ ನನ್ನ ಎಲೆಯ ಮುಂದೆ ಬಂದು ನಿಂತರು. "ಅದ್ರಲ್ಲಿ ನಕ್ಕವ್ಳೆ ನೋಡವ್ವ. ಆಮ್ಯಾಕೆ ಅಂಗೆ ನಗ್ಲೇ ಇಲ್ಲ. ನಮ್ಮನೆ ಅವ್ಳ ಮನ್ಸಿಗೆ ಬರ್ಲಿಲ್ವೇನೋ ಅನ್ಕೊಂಡೇ ಇದ್ಬುಟ್ಟೆ."

ಎದುರು ಸಾಲಿನಲ್ಲಿ ಅವಳಮ್ಮ ಊಟಕ್ಕೆ ಕೂತಿದ್ದರು. ಅನ್ನ ಕಲಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕಲಸತೊಡಗಿತು. ನಾನು ಮಜ್ಜಿಗೆ ಹಾಕಿಸಿಕೊಂಡೆ.

ಮಗಳ ಪ್ಲೇಟು ಒರೆಸಿ ದಿಂಬಿನ ಪಕ್ಕ ಇಟ್ಟೆ. "ಅಜ್ಜಿ ಊರ್ಗೆ ಹೋದಾಗ್ಲೂ ಹಾಕ್ಬೇಕಾಮ್ಮ? ಎಲ್ರೂ ನೋಡ್ತಾರೆ" ಎಂದಳು.

"ನೋಡ್ಲಿ ಬುಡು" ಎಂದೆ.

ಈ ಸಲ ಹಬ್ಬಕ್ಕೆ ಹುಣಸೂರಿಗೆ ಹೋದಾಗ ಎದುರುಮನೆಯಲ್ಲಿ ಗೌರಿ ಕೂರಿಸಿರಲಿಲ್ಲ. ಆ ಸ್ಟೀಲ್ ಡಬ್ಬಿ ಗೂಡಿನಲ್ಲಿ ಇನ್ನೂ ಇದೆಯೋ ಏನೋ... ನಾನು ಕೇಳಲಿಲ್ಲ.