ಮೂರು ದಿನದ ಮನೆ

ಅಮ್ಮ ಚೆನ್ನಾಗಿದ್ದ ಕೊನೆಯ ದಿನ ಒಂದು ಭಾನುವಾರ. ಅಪ್ಪ ಎಂದಿನಂತೆ ಬೆಳಗಿನ ಲೋಕಲ್ ರೈಲು ಹಿಡಿದು ಥಾಣೆಗೆ ಹೋಗಿದ್ದರು. ಅಲ್ಲಿನ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಅವರು ಮ್ಯಾನೇಜರ್, ಭಾನುವಾರವೇ ಅವರಿಗೆ ಹೆಚ್ಚು ಕೆಲಸ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ನಮ್ಮ ಒಂದು ರೂಮು, ಕಿಚನ್ನಿನ ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ. ಮಧ್ಯಾಹ್ನ ಅಮ್ಮ ಗ್ಯಾಲರಿಯ ಹಗ್ಗದಿಂದ ಬಟ್ಟೆ ತೆಗೆದು ಕೊಡುತ್ತಿದ್ದಳು, ನಾನು ಮಡಚುತ್ತಿದ್ದೆ. ನನಗೆ ಹದಿಮೂರು. ತರಗತಿಯ ಅರ್ಧ ಹುಡುಗಿಯರು ದೊಡ್ಡವರಾಗಿದ್ದರು, ನಾನು ಆಗಿರಲಿಲ್ಲ. ಉಡುಪಿ ಕಡೆಯ ಅಜ್ಜಿಯ ಮನೆಗೆ ರಜೆಗೆ ಹೋದಾಗ ಅಮ್ಮ ಮೂರು ದಿನ ಯಾರನ್ನೂ ಮುಟ್ಟದೆ ಹಿಂದಿನ ಜಗಲಿಯಲ್ಲಿ ಕೂತಿದ್ದನ್ನು ನೋಡಿದ್ದೆ. ನಾನೂ ಹಾಗೆ ಕೂರಬೇಕಾ ಎಂದು ಕೇಳಿದೆ. ಅಮ್ಮ ಬಾಯಲ್ಲಿದ್ದ ಕ್ಲಿಪ್ಪು ತೆಗೆದು ನಕ್ಕಳು.

"ಎಲ್ಲಿ ಅಂತ ಕೂರ್ತೀ ಮಾರಾಯ್ತಿ? ಒಳಗೆ ಕೂತರೆ ದೇವರ ಗೂಡು, ಹೊರಗೆ ಕೂತರೆ ಪಕ್ಕದವರ ಚಪ್ಪಲಿ. ನಮ್ಮಲ್ಲಿ ಅದೆಲ್ಲ ಇಲ್ಲ. ಆದ ದಿನ ನನಗೆ ಮೊದಲು ಹೇಳು, ಅಷ್ಟೇ."

ಮರುದಿನ ಬೆಳಿಗ್ಗೆ ಅಮ್ಮ ದೋಸೆ ಹೊಯ್ಯುತ್ತಾ ಒಲೆಯ ಮುಂದೆ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಕಲ್ಯಾಣದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಮಾತು ಬರಲಿಲ್ಲ. ಅವಳು ಹೋದದ್ದು ಆ ತಿಂಗಳ ಇಪ್ಪತ್ತೆಂಟನೇ ತಾರೀಕು. ಆ ತಾರೀಕನ್ನು ನಾನು ಶಾಲೆಯ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ. ಯಾಕೆ ಬರೆದೆ ಗೊತ್ತಿಲ್ಲ, ಮರೆಯುವಂಥದ್ದೇನಲ್ಲ ಅದು.

ಅಪ್ಪನ ತಾಯಿ, ಉಡುಪಿ ಕಡೆಯ ಆ ಅಜ್ಜಿ, ಊರಿನಿಂದ ಬಂದು ನಮ್ಮ ಜೊತೆ ಉಳಿದರು. ಎಪ್ಪತ್ತು ದಾಟಿದ ಮೇಲೆ, ಮೊಣಕಾಲು ನೋವಿಟ್ಟುಕೊಂಡು, ಮಗನಿಗೆ ಬೇಯಿಸಿ ಹಾಕಲು ಬಂದವರು. ಅವರನ್ನು ಈಗ ದೂರಲು ನನಗೆ ಮನಸ್ಸಿಲ್ಲ. ಆದರೆ ಆ ಮನೆಯಲ್ಲಿ ಅಮ್ಮನ ಹೆಸರೆತ್ತುವಂತಿರಲಿಲ್ಲ. ಎತ್ತಿದರೆ ಅಪ್ಪ ಅರ್ಧ ಊಟಕ್ಕೆ ಕೈ ತೊಳೆದುಬಿಡುತ್ತಿದ್ದರು, ಅಜ್ಜಿ ನನ್ನತ್ತ ಕಣ್ಣು ಬಿಡುತ್ತಿದ್ದರು. ಒಂದು ತಿಂಗಳೊಳಗೆ ಅಮ್ಮನ ಸೀರೆಗಳೆಲ್ಲ ಯಾರ್ಯಾರಿಗೋ ಹೋದವು. ಅಪ್ಪ ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಬರುತ್ತಿದ್ದರು, ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ. ಶಾಲೆಯಲ್ಲಿ ಎರಡು ವಿಷಯದಲ್ಲಿ ಫೇಲಾದೆ. ಪಾಠದ ಪುಸ್ತಕ ಮುಂದಿಟ್ಟುಕೊಂಡು ಕಿವಿಯ ಹಿಂದಿನ ಕೂದಲನ್ನು ಒಂದೊಂದಾಗಿ ಕೀಳುವುದು ಅಭ್ಯಾಸವಾಯಿತು. ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿತ್ತು. ಜಡೆ ಇದ್ದುದರಿಂದ ಯಾರಿಗೂ ಕಾಣುತ್ತಿರಲಿಲ್ಲ.

ಅಮ್ಮ ಹೋಗಿ ಐದು ತಿಂಗಳಿಗೆ ನಾನು ದೊಡ್ಡವಳಾದೆ. ಮೊದಲು ಹೇಳಬೇಕಾದವಳು ಇರಲಿಲ್ಲ, ಅಜ್ಜಿಗೆ ಹೇಳಿದೆ. ಅಜ್ಜಿ ಬೈಯಲಿಲ್ಲ. ನಿಂತಲ್ಲೇ ನಿಂತು ಮನೆಯನ್ನೊಮ್ಮೆ ನೋಡಿದರು. ಅಮ್ಮ ನಗುತ್ತಾ ಕೇಳಿದ್ದ ಪ್ರಶ್ನೆ ಈಗ ಅವರ ಮುಂದೆ ನಿಜವಾಗಿಯೂ ನಿಂತಿತ್ತು. ಮಡಿಯಲ್ಲಿ ಅಡುಗೆಯಾಗುವ ಮನೆ, ದೇವರ ಗೂಡಿನಿಂದ ಬಾಗಿಲಿಗೆ ಎಂಟು ಹೆಜ್ಜೆ. ಕೊನೆಗೆ ಒಂದು ಚೀಲಕ್ಕೆ ನನ್ನ ಬಟ್ಟೆ ತುಂಬಲು ಹೇಳಿ, ನನ್ನಿಂದ ಎರಡು ಮಾರು ದೂರ ನಡೆಯುತ್ತಾ, ಅದೇ ಕಾಂಪೌಂಡಿನ ಎದುರಿನ ಬಿಲ್ಡಿಂಗಿಗೆ ಕರೆದುಕೊಂಡು ಹೋದರು. ಕುಂಟುತ್ತಾ ಎರಡು ಮಹಡಿ ಹತ್ತಿ, ಬಾಗಿಲ ಚೌಕಟ್ಟನ್ನೂ ಮುಟ್ಟದೆ ಹೊರಗೇ ನಿಂತು, ಹುಡುಗಿ ಮೂರು ದಿನ ಇಲ್ಲಿರಬಹುದಾ ಎಂದು ಕೇಳಿದರು.

ಆ ಮನೆಯಲ್ಲಿದ್ದವರು ಮಂಗಳೂರು ಕಡೆಯ ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಔಷಧದ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. ನೀರಿನ ಟ್ಯಾಂಕರಿನ ಸಾಲಿನಲ್ಲಿ ತುಳು ಕಿವಿಗೆ ಬಿದ್ದು ಅಮ್ಮನಿಗೆ ಪರಿಚಯವಾದವರು. ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಅಜ್ಜಿ ಮಾಮೂಲಿ ದಿನಗಳಲ್ಲಿ ಅವರ ಮನೆಯ ನೀರು ಕೂಡ ಕುಡಿಯುವವರಲ್ಲ. ಆದರೆ ಅಜ್ಜಿಯ ಲೆಕ್ಕ ಬೇರೆಯಿತ್ತು. ಹೊರಗಾದವಳು ಯಾರ ಮನೆಯಲ್ಲಿ ಉಂಡರೂ ಒಂದೇ, ನಾಲ್ಕನೇ ದಿನ ತಲೆಗೆ ಮಿಂದು ಬಂದರೆ ಮುಗಿಯಿತು.

ಹೀಗೆ ನನಗೆ ತಿಂಗಳಿಗೆ ಮೂರು ದಿನದ ಮನೆಯೊಂದು ಸಿಕ್ಕಿತು.

ಕಿಟಕಿಯ ಪಕ್ಕದ ಮಂಚವನ್ನು ದೊಡ್ಡಮ್ಮ ನನಗೆ ಕೊಟ್ಟು ತಾವು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದರು. ಅವರ ಕೈಗೆ ಎಷ್ಟು ತೊಳೆದರೂ ವಿಟಮಿನ್ ಗುಳಿಗೆಯ ವಾಸನೆ. ಆ ಕೈಯಿಂದಲೇ ಮೊದಲ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿದರು. ಕಿವಿಯ ಹಿಂದೆ ಬೆರಳು ಬಂದಾಗ ಒಂದು ಕ್ಷಣ ನಿಂತಿತು. ಆ ಜಾಗ ಮುಚ್ಚುವಂತೆ ಬೈತಲೆ ಬದಲಿಸಿ ಜಡೆ ಹೆಣೆದರು.

ಆಮೇಲೆ ಅಮ್ಮನ ಸುದ್ದಿ ತೆಗೆದರು. ಪಕ್ಕದ ಮನೆಯವಳೊಬ್ಬಳ ಬಗ್ಗೆ ಹೇಳುವಂತೆ ಸಲೀಸಾಗಿ ಹೇಳಿದರು. ಡೊಂಬಿವಲಿ ಸ್ಟೇಷನ್ನಿನಲ್ಲಿ ನೂಕಾಟದಲ್ಲಿ ಒಂದು ಚಪ್ಪಲಿ ರೈಲಿನೊಳಗೆ ಹೋಗಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಅಮ್ಮ ಬರಿಗಾಲಲ್ಲಿ ಮನೆ ತನಕ ನಡೆದದ್ದು. ಆ ಒಂಟಿ ಚಪ್ಪಲಿಯನ್ನು ಯಾಕೆ ತಂದೆ ಎಂದು ಕೇಳಿದರೆ ಇದಕ್ಕಾದರೂ ಮನೆ ಬೇಡವಾ ಅಂದದ್ದು. ನಾನು ನಕ್ಕೆ, ನಗುತ್ತಾ ಅತ್ತೆ. ಅಳು ನಿಲ್ಲಿಸು ಎಂದು ಅವರು ಹೇಳಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟರು.

ನಾಲ್ಕೈದು ತಿಂಗಳಲ್ಲಿ ನಾನು ಸುಳ್ಳು ಹೇಳಲು ಕಲಿತೆ. ಮೊದಲು ಒಂದು ದಿನ ಮುಂಚೆ ಆಯಿತೆಂದೆ. ಆಮೇಲೆ ಇನ್ನೂ ನಿಂತಿಲ್ಲ ಎಂದು ಐದು ದಿನ, ಏಳು ದಿನ ಉಳಿದೆ. ಒಮ್ಮೆ ತಿಂಗಳಿಗೆ ಎರಡು ಸಲ ಹೋದೆ. ಸಣ್ಣ ಪ್ರಾಯದಲ್ಲಿ ಲೆಕ್ಕ ಸರಿ ಇರುವುದಿಲ್ಲ ಎಂದು ಅಜ್ಜಿ ತಾವೇ ಸಮಾಧಾನ ಹೇಳಿಕೊಂಡರು. ಹೊರಗಾದೆ ಎಂಬ ಒಂದು ಮಾತು ಹೇಳಿದರೆ ಸಾಕು, ಚೀಲ ಹಿಡಿದು ಕಾಂಪೌಂಡ್ ದಾಟಬಹುದಿತ್ತು. ಆ ಮಾತನ್ನು ಪರೀಕ್ಷಿಸಿ ನೋಡುವವರಿರಲಿಲ್ಲ.

ವರ್ಷ ತಿರುಗುತ್ತಾ ಬಂತು. ನಾನು ಇಪ್ಪತ್ತೆಂಟನೇ ತಾರೀಕನ್ನು ಕಾಯುತ್ತಿದ್ದೆ. ಆ ದಿನ ಅಮ್ಮನಿಗಾಗಿ ಮನೆಯಲ್ಲಿ ಶ್ರಾದ್ಧ ಆಗುತ್ತದೆ, ಅಂದಾದರೂ ಅವಳ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ, ನಾನು ಅಪ್ಪನ ಪಕ್ಕ ನಿಂತು ಕೇಳಬೇಕು ಎಂದು ಆಸೆ ಇತ್ತು. ಅದಕ್ಕೆ ಅಡ್ಡಿಯಾಗದ ಹಾಗೆ ಎಣಿಸಿಯೇ, ಹದಿನೈದರ ಸಂಜೆ, ಹೊರಗಾದೆ ಅಂದೆ.

ಅಜ್ಜಿ ಕಪ್ಪು ಎಳ್ಳು ಆರಿಸುತ್ತಾ ಕೂತಿದ್ದರು. ಕೈ ನಿಂತಿತು.

"ನಾಡಿದ್ದು ನಿನ್ನ ಅಮ್ಮನ ವರ್ಷದ ಶ್ರಾದ್ಧ," ಎಂದರು. "ನಿನಗೆ ಇವತ್ತೇ ಆಗಬೇಕಿತ್ತಾ ಹೆಣ್ಣೇ?"

ಶ್ರಾದ್ಧ ತಿಥಿಯ ಪ್ರಕಾರ ಬರುತ್ತದೆ, ಕ್ಯಾಲೆಂಡರಿನ ತಾರೀಕಿನ ಪ್ರಕಾರ ಅಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ. ಆ ವರ್ಷ ಅದು ಹನ್ನೊಂದು ದಿನ ಮೊದಲೇ ಬಂದಿತ್ತು. ಅಪ್ಪ ಪುರೋಹಿತರನ್ನು ಕಂಡು ಬಂದಿದ್ದರು, ಎಳ್ಳು, ದರ್ಭೆ ಎಲ್ಲ ತಂದಾಗಿತ್ತು. ಅಮ್ಮನ ಮಾತೇ ಆಡದ ಮನೆಯಲ್ಲಿ ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸುಳ್ಳು ಅಂತ ಅಲ್ಲೇ ಹೇಳಬಹುದಿತ್ತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಚೀಲಕ್ಕೆ ಬಟ್ಟೆ ತುಂಬಿದೆ.

ಮರುದಿನ ದೊಡ್ಡಮ್ಮ ಕಂಪನಿಯಿಂದ ಬಂದವರು ಚಹಾ ಕುಡಿಯುತ್ತಾ ನನ್ನ ಎದುರು ಕೂತರು.

"ಎಣಿಸ್ಲಿಕ್ಕೆ ನನಗೂ ಬರ್ತದೆ ಮಗಾ," ಎಂದರು. "ನಾಳೆ ಬೆಳಿಗ್ಗೆ ತಲೆಗೆ ಮಿಂದು ಮನೆಗೆ ಹೋಗು. ಬೇಕಾದ್ರೆ ನಾನೂ ಬರ್ತೇನೆ. ಹುಡುಗಿ ಗೊತ್ತಾಗದೆ ತಪ್ಪಿ ಹೇಳಿದ್ದು ಅಂತ ಹೇಳುವ."

"ಆಮೇಲೆ ಅಜ್ಜಿ ನನ್ನನ್ನು ಇಲ್ಲಿಗೆ ಕಳಿಸ್ತಾರಾ?"

ಅವರು ಲೋಟದೊಳಗೆ ನೋಡಿದರು. "ಕಳಿಸ್ಲಿಕ್ಕಿಲ್ಲ," ಎಂದರು. ಲೋಟ ಕೆಳಗಿಟ್ಟು, "ನಿನ್ನ ಅಮ್ಮ, ನಿನ್ನ ಮನೆ. ನಾನು ಹೋಗು ಅಂತಲೂ ಹೇಳುವುದಿಲ್ಲ, ಇರು ಅಂತಲೂ ಹೇಳುವುದಿಲ್ಲ," ಎಂದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಚ್ಚಲಲ್ಲಿ ಬಿಸಿನೀರು ತುಂಬಿಸಿಟ್ಟಿದ್ದರು. ಬಾಗಿಲಿಗೆ ಟವೆಲು, ನನ್ನ ಒಗೆದ ಚೂಡಿದಾರ. ಅವರು ಅಂದು ಕೆಲಸಕ್ಕೆ ಹೋಗಲಿಲ್ಲ. ನಾನು ಮಂಚದ ಮೇಲೆ ಕೂತು ಕಿಟಕಿಯಿಂದ ನಮ್ಮ ಮನೆಯನ್ನು ನೋಡುತ್ತಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿಯ ಬೆನ್ನು ಆಚೆ ಈಚೆ ಹೋಗುತ್ತಿತ್ತು. ಹೊಗೆ ಬಂತು. ಪುರೋಹಿತರ ಸ್ವರ ಕೇಳುತ್ತಿತ್ತು, ಶಬ್ದಗಳು ತಿಳಿಯುತ್ತಿರಲಿಲ್ಲ. ಅದರ ನಡುವೆ ಎಲ್ಲೋ ಅಮ್ಮನ ಹೆಸರು ಬಂದು ಹೋಗಿರಬೇಕು.

ಆಮೇಲೆ ಅಪ್ಪ ಒದ್ದೆ ಪಂಚೆಯಲ್ಲಿ ಎಲೆ ಹಿಡಿದು ಟೆರೇಸಿಗೆ ಬಂದರು. ಕಾಗೆಗೆ ಇಟ್ಟು ದೂರ ನಿಂತರು. ನೀರಿನ ಟ್ಯಾಂಕು ಅಡ್ಡವಿದ್ದುದರಿಂದ ಎಲೆ ಕಾಣುತ್ತಿರಲಿಲ್ಲ, ಅಪ್ಪನ ಭುಜ ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ನಿಂತಿದ್ದರು. ಅವರ ಪಕ್ಕ ಯಾರೂ ಇರಲಿಲ್ಲ. ಈಗಲೂ ಎದ್ದು ಮಿಂದರೆ ಊಟಕ್ಕಾದರೂ ಸೇರಬಹುದು ಎಂದುಕೊಂಡೆ. ಅಂದುಕೊಳ್ಳುತ್ತಲೇ ಕೂತಿದ್ದೆ.

ಮಧ್ಯಾಹ್ನ ಅಪ್ಪ ಉಂಡ ಎಲೆಗಳನ್ನು ಎಸೆಯಲು ಕೆಳಗಿಳಿದು ಬಂದರು. ಕಾಂಪೌಂಡಿನ ನಡುವೆ ನಿಂತು ತಲೆಯೆತ್ತಿ ಈ ಕಿಟಕಿಯನ್ನು ನೋಡಿದರು. ನಾನು ಪರದೆಯ ಹಿಂದಕ್ಕೆ ಸರಿದೆ.

ಬಿಸಿನೀರು ತಣಿದಿತ್ತು. ದೊಡ್ಡಮ್ಮ ಅದರಲ್ಲೇ ಬಟ್ಟೆ ಒಗೆದು ಗಂಜಿ, ಚಟ್ನಿ ಮಾಡಿದರು. ಇಬ್ಬರೂ ಕೂತು ಉಂಡೆವು. ಆ ದಿನದ ಬಗ್ಗೆ ಅವರು ಮತ್ತೆ ಎಂದೂ ಎತ್ತಿ ಆಡಲಿಲ್ಲ.

ಆ ಮೂರು ದಿನದ ಮನೆ ನನಗೆ ಉಳಿಯಿತು. ಹನ್ನೆರಡನೆಯ ಕ್ಲಾಸು ಮುಗಿಯುವವರೆಗೂ ಹೋಗುತ್ತಿದ್ದೆ. ಕಿವಿಯ ಹಿಂದೆ ಕೂದಲು ಬಂತು. ಹತ್ತನೆಯ ಪರೀಕ್ಷೆಯ ಅರ್ಧ ಓದು ಆ ಮಂಚದ ಮೇಲೆ ಆಯಿತು. ಅಜ್ಜಿ ಊರಿಗೆ ಮರಳಿ ಅಲ್ಲಿಯೇ ತೀರಿಕೊಂಡರು. ನನಗೆ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ಅಲ್ಲೇ ಮನೆ ಮಾಡಿದೆ. ದೊಡ್ಡಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರ ತಮ್ಮನ ಮಗ ಸಾನಪಾಡಾದ ತನ್ನ ಮನೆಗೆ ಕರೆದೊಯ್ದ. ಐರೋಲಿಯಿಂದ ಸಾನಪಾಡಾಕ್ಕೆ ಐದೇ ಸ್ಟೇಷನ್ನು. ಮೂರು ವರ್ಷದಲ್ಲಿ ನಾನು ಹೋದದ್ದು ಆರೇಳು ಸಲ ಇರಬಹುದು. ಕೆಲಸ, ಮಗು ಎಂದು ಕಾರಣಗಳಿದ್ದವು. ಕೊನೆಯ ಸಲ ಹೋದಾಗ ಅವರು ನನ್ನ ಕೈಚೀಲವನ್ನು ನೋಡಿ, "ಎಷ್ಟು ದಿನ ಇರ್ತೀ?" ಎಂದು ಕೇಳಿದರು. ಐದೂವರೆಯ ರೈಲಿಗೆ ಹೋಗಬೇಕು ಎಂದೆ. "ಹಾಂ, ಮಗು ಕಾಯ್ತದೆ," ಎಂದರು.

ಎರಡು ತಿಂಗಳ ನಂತರ ಅವರ ಬೊಜ್ಜಕ್ಕೆ ಹೋದೆ. ನಮ್ಮ ಕಡೆ ಉತ್ತರಕ್ರಿಯೆಗೆ ಹಾಗೆನ್ನುತ್ತಾರೆ. ಅಲ್ಲಿ ನನ್ನ ಹಾಗೆಯೇ ಒಬ್ಬಳೇ ಕೂತಿದ್ದ ಹೆಂಗಸೊಬ್ಬಳ ಜೊತೆ ಮಾತಾಯಿತು. ನನಗಿಂತ ಹತ್ತು ವರ್ಷ ದೊಡ್ಡವಳು, ಮರಾಠಿಯವಳು. ಅವಳ ಅಪ್ಪ ಕುಡಿದು ಬಂದು ಹೊಡೆಯುತ್ತಿದ್ದ ಕಾಲದಲ್ಲಿ ಎರಡು ವರ್ಷ ಆ ಕಿಟಕಿಯ ಪಕ್ಕದ ಮಂಚದಲ್ಲೇ ಮಲಗಿದ್ದಳಂತೆ. ಅವಳಿಗೆ ಅವರು ಮಾವಶೀ, ಅಂದರೆ ಚಿಕ್ಕಮ್ಮ. ಆ ಮಂಚ ನನ್ನೊಬ್ಬಳದೇ ಎಂದುಕೊಂಡಿದ್ದೆ. ಸಣ್ಣ ಮಗುವಿನ ಹಾಗೆ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆಯಾಯಿತು.

ಊಟಕ್ಕೆ ಬಡಿಸುತ್ತಾ ಅವರ ಸೊಸೆ, ಎಂದರೆ ತಮ್ಮನ ಮಗನ ಹೆಂಡತಿ, ದೊಡ್ಡಮ್ಮನ ಸುದ್ದಿ ಹೇಳುತ್ತಿದ್ದಳು. ಅತ್ತೆಗೆ ಮೀನಿಲ್ಲದೆ ಒಂದು ಹೊತ್ತು ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ, ಕಾಯಿಲೆಯಲ್ಲಿಯೂ ಬಂಗುಡೆ ಸಾರು ಕೇಳುತ್ತಿದ್ದರು ಎಂದಳು.

"ಆದ್ರೆ ಡೊಂಬಿವಲಿಯಲ್ಲಿದ್ದಾಗ ಒಂದೊಂದ್ಸಲ ವಾರಗಟ್ಟಲೆ ಮನೆಯೊಳಗೆ ಮೀನು ಬಿಡ್ತಿರ್ಲಿಲ್ಲ. ನಾವು ಕೊಂಡುಹೋದ್ರೂ ವಾಪಸ್. ಎಂತ ವ್ರತವೋ, ಕೇಳಿದ್ರೆ ಹೇಳ್ತಿರ್ಲಿಲ್ಲ."

ನಾನು ಎಲೆಯ ಮೇಲಿನ ಅನ್ನ ಕಲಸುತ್ತಾ ಕೂತೆ. ಆ ಮನೆಯಲ್ಲಿ ಮೀನಿನ ವಾಸನೆ ಇರಲಿಲ್ಲ ಎಂಬುದು ಆಗ ನೆನಪಾಯಿತು. ಅಷ್ಟು ವರ್ಷ ನಾನದನ್ನು ಗಮನಿಸಿರಲೇ ಇಲ್ಲ. ಮೂರು ದಿನ ಏಳಾದಾಗ, ತಿಂಗಳಿಗೆ ಎರಡು ಸಲ ಹೋದಾಗ, ನನ್ನ ಸುಳ್ಳಿನ ದಿನಗಳನ್ನೂ ಅವರು ಚಟ್ನಿಯಲ್ಲೇ ಉಂಡಿದ್ದರು. ಸುಳ್ಳು ಎಂದು ಗೊತ್ತಿದ್ದೂ ಉಂಡಿದ್ದರು.

ಅಪ್ಪ ಈಗಲೂ ಡೊಂಬಿವಲಿಯಲ್ಲಿದ್ದಾರೆ. ಅಮ್ಮನ ಶ್ರಾದ್ಧಕ್ಕೆ ಪ್ರತಿ ವರ್ಷ ತಿಥಿ ನೋಡಿ ಹೋಗುತ್ತೇನೆ. ಟೆರೇಸಿನಲ್ಲಿ ಅವರ ಪಕ್ಕ ನಿಲ್ಲುತ್ತೇನೆ. ಆ ಮೊದಲ ವರ್ಷದ ವಿಷಯ ಅವರಿಗೆ ಹೇಳಲು ಪ್ರತಿ ಸಲ ಬಾಯಿ ತೆರೆದು, ಬಿಸಿಲಿನ ಬಗ್ಗೆ ಏನಾದರೂ ಹೇಳಿ ಕೆಳಗಿಳಿಯುತ್ತೇನೆ. ಅಲ್ಲಿಂದ ಎದುರಿನ ಕಿಟಕಿ ಕಾಣುತ್ತದೆ. ಈಗ ಬೇರೆಯವರು ಇದ್ದಾರೆ, ಕಿಟಕಿಗೆ ಗಾಜು ಹಾಕಿಸಿ ಎಸಿ ಕೂರಿಸಿದ್ದಾರೆ.

ನಾನು ಸುಳ್ಳು ಹೇಳಿದ್ದೆ ಎಂದು ತಿಳಿದೂ ಬಾಗಿಲು ತೆರೆದವರು ಒಬ್ಬರೇ ಇದ್ದರು. ಅವರಿಲ್ಲ. ಮೂರು ದಿನ ಹೋಗಿ ಇರಲು ನನಗೆ ಈಗ ಮನೆಯಿಲ್ಲ.