ಹೋದ ವಾರ ಬರಬೇಕಿತ್ತು

ಮನುಷ್ಯರ ಬಾಯಿಂದ ಹೊರಡುವ ಮಾತುಗಳಲ್ಲಿ ಅತ್ಯಂತ ನಿಷ್ಕರುಣವಾದದ್ದು ಬೈಗುಳವಲ್ಲ, ‘ನೀವು ಹೋದ ವಾರ ಬರಬೇಕಿತ್ತು’ ಎಂಬ ಸಾಂತ್ವನ. ಬೈದವರಿಗೆ ತಿರುಗಿ ಬೈಯಬಹುದು. ಇದಕ್ಕೆ ಏನು ಹೇಳುತ್ತೀರಿ? ಏಳು ವರ್ಷ ಇದನ್ನೇ ಕೇಳಿ ನನ್ನ ಪಿತ್ತ ನೆತ್ತಿಗೇರಿದೆ.

ಹೇಳುವವರು ಪಿಯುಸಣ್ಣ. ಹಾನುಬಾಳಿನಲ್ಲಿ ನಮ್ಮ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಅಣ್ಣ. ಮಂಗಳೂರಿನ ಅಳಿವೆಯ ಬಳಿ ಮನೆ, ಕೈಯಲ್ಲಿ ಸದಾ ಗಾಳ. ಹೇಮಾವತಿಯಲ್ಲಿ ಬೆರಳುದ್ದದ ಮೀನು ಹಿಡಿದು ಮಹಾ ಮತ್ಸ್ಯವೇಧಿಯೆಂದು ಬೀಗುತ್ತಿದ್ದ ನನಗೆ, ಕಡಲಿನ ಒಂದೇ ಒಂದು ಮೀನನ್ನು ಸ್ವಹಸ್ತದಿಂದ ಹಿಡಿಯುವ ಹುಚ್ಚು ಹತ್ತಿಸಿದವರೂ ಅವರೇ. ಹೆಂಡತಿ ಸರೋಜಳಿಗೆ ನನ್ನ ಸಾಮರ್ಥ್ಯದ ಬಗ್ಗೆ ಯಾವ ಭ್ರಮೆಯೂ ಇಲ್ಲ. “ನೀವು ಹಿಡ್ಕೊಂಡು ಬರೋ ತನಕ ವ್ಯಾನಿನೋನು ತರೋ ಬಂಗುಡೆನೇ ಗತಿ ಕಣ್ರೀ” ಎಂದು ಅವಳು ಪ್ರತಿ ಸಲವೂ ಬಸ್ಸು ಹತ್ತಿಸುತ್ತಾಳೆ.

ಕಾಫಿ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಶಿರಾಡಿ ಘಾಟಿ ಇಳಿದರೆ, ನೀರು ತಿಳಿಯಾಗಿಬಿಟ್ಟಿದೆ, ಮೀನಿಗೆ ದಾರ ಕಾಣುತ್ತದೆ, ದೀಪಾವಳಿಗೆ ಬರಬೇಕಿತ್ತು ಎನ್ನುತ್ತಾರೆ. ಮೇ ತಿಂಗಳಿನಲ್ಲಿ ಹೋದರೆ, ಸೆಕೆಗೆ ಮೀನೆಲ್ಲ ಆಳಕ್ಕಿಳಿದಿದೆಯಂತೆ. ಮಳೆಗಾಲದಲ್ಲಿ ತೋಟದ ಕೆಲಸ ಹಗುರಾದಾಗ ಹೊರಟೆನೋ, ಕಡಲೇ ಎದ್ದು ನಿಂತಿರುತ್ತದೆ; ದೋಣಿಗಳು ದಡದಲ್ಲಿ ಮಗ್ಗುಲಾಗಿರುತ್ತವೆ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಸರಿಹೋಗುತ್ತದೆಂದರು. ಆ ವರ್ಷ ಘಾಟಿಯ ರಸ್ತೆಯೇ ಕುಸಿಯಿತು. ಕೆಂಬೇರಿ, ಮುರುಮೀನು ಗಾಳಕ್ಕೆ ತಾವಾಗಿ ಬಂದು ಬೀಳುವ ಕಾಲವೊಂದಿದೆ, ನಿಜ. ಆದರೆ ಅದು ನಮ್ಮ ಕಾಫಿ ಹಣ್ಣಾಗುವ ಕಾಲ! ‘ಮೊನ್ನೆ ಭರ್ತಿ ಸಿಕ್ಕಿತು’ ಎಂದು ಪಿಯುಸಣ್ಣನ ಇನ್‌ಲ್ಯಾಂಡ್ ಲೆಟರ್ ಬರುವ ಹೊತ್ತಿಗೆ ನಾನು ಸೊಂಟಕ್ಕೆ ಕುಕ್ಕೆ ಕಟ್ಟಿಕೊಂಡು ನಿಂತಿರುತ್ತೇನೆ. ಇದು ಋತುಧರ್ಮವಲ್ಲ, ಪಿತೂರಿ.

ಈ ಮಾರ್ಚಿನಲ್ಲಿ ಪಿಯುಸಣ್ಣನೇ ಮೇಲೆ ಬಂದರು. ಕಾಫಿ ಹೂವನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಅವರಿಗೂ ಬಹುಕಾಲದ ಆಸೆ. ಸ್ಪ್ರಿಂಕ್ಲರ್ ಹಾರಿಸಿ ಅರಳಿಸಿದ್ದ ರೋಬಸ್ಟಾ ಹೂವು ಅಷ್ಟರಲ್ಲಿ ಕಂದಾಗಿ ಗಿಡಕ್ಕೆ ಅಂಟಿಕೊಂಡಿತ್ತು. ನನ್ನ ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ.

“ಹೋದ ವಾರ ಬರ್ಬೇಕಿತ್ತು ಪಿಯುಸಣ್ಣ.”

ನಿಜ ಹೇಳುತ್ತೇನೆ, ಆ ಕ್ಷಣ ಪರಮಾನಂದವಾಯಿತು. ಅವರಿಗೆ ಸಿಟ್ಟೇ ಬರಲಿಲ್ಲ, ಅದೊಂದು ಅನ್ಯಾಯ. ಒಣಗಿದ ಹೂವನ್ನು ಮೂಸಿ, “ಇನ್ನೊಂದು ಜಾತಿ ಉಂಟಲ್ಲ ಮಾರಾಯ್ರೆ, ಅದು?” ಎಂದರು.

“ಅರೇಬಿಕಾ. ಅದಕ್ಕೆ ಮಳೆಯೇ ಬರ್ಬೇಕು. ಬಂದು ಎಂಟೊಂಬತ್ತು ದಿನಕ್ಕೆ ಅರಳುತ್ತೆ.”

“ಹಾಗಾದ್ರೆ ಇರ್ತೇನೆ” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.

ಇದ್ದೇ ಬಿಟ್ಟರು! ದಿನಾ ಸಂಜೆ ಅಂಗಳದಲ್ಲಿ ನಿಂತು ಮೋಡ ನೋಡುವರು, ಸರೋಜಳಿಗೆ ಮೀನಿನ ಗಸಿ ಕಲಿಸುವರು. ಐದನೆಯ ದಿನ ಮಳೆ ಬಂತು. ಅದಾದ ಒಂಬತ್ತನೆಯ ಬೆಳಗ್ಗೆ ತೋಟವೆಲ್ಲ ಬೆಳ್ಳಗಾಗಿತ್ತು. ಅವರು ಗಿಡಗಳ ನಡುವೆ ಹೂವು ಮೂಸುತ್ತ ನಡೆದಾಡುತ್ತಿದ್ದರೆ, ನಾನು ಉರಿದುಹೋದೆ. ಈ ಸಲ ಅವರ ಮೇಲಲ್ಲ. ಏಳು ವರ್ಷದಲ್ಲಿ ನಾನು ಒಮ್ಮೆಯಾದರೂ ಸಂಜೆಯ ಬಸ್ಸಿನ ಆಚೆ ಕಡಲಿಗೆ ಕಾಲಾವಕಾಶ ಕೊಟ್ಟವನೇ? ಬೆಳಗ್ಗೆ ಹೋಗಿ, ಗಾಳ ಎಸೆದು, ಮಧ್ಯಾಹ್ನಕ್ಕೆ ಮುನಿದು, ರಾತ್ರಿ ಊಟಕ್ಕೆ ಹಾನುಬಾಳಿನಲ್ಲಿರುತ್ತಿದ್ದ ಮಹಾಶಯ ನಾನು.

ಈಗ ನವೆಂಬರ್. ಇದನ್ನು ಪಿಯುಸಣ್ಣನ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಂದು ಹತ್ತು ದಿನವಾಯಿತು. ಗಾಳಕ್ಕೆ ಸಿಕ್ಕಿಸಿದ ಸಿಗಡಿಯನ್ನೆಲ್ಲ ಏಡಿಗಳು ತಿಂದಿವೆ. “ಹಣ್ಣು ಉದುರ್ತಾ ಐತೆ, ನಾನೇ ಆಳು ಹಚ್ಚಿವ್ನಿ. ಬರಿಗೈಲಿ ಬಂದ್ರೆ ಬಾಗ್ಲು ತೆಗೆಯಾಕಿಲ್ಲ” ಎಂದು ಸರೋಜ ಎಸ್.ಟಿ.ಡಿ. ಬೂತಿನಿಂದ ಗುಡುಗಿದ್ದಾಳೆ. ಮೀನು ಬಾರದಿದ್ದರೆ ಬೇಡ. ಆದರೆ ಹೋದ ವಾರ ಬರಬೇಕಿತ್ತೆಂದು ಇನ್ನು ಯಾರಾದರೂ ನನಗೆ ಹೇಳಿ ನೋಡಲಿ. ಹೋದ ವಾರವೂ ನಾನು ಇಲ್ಲೇ ಇದ್ದೆ ಸ್ವಾಮಿ!